ಮಗನಿಂದ ಪ್ರಮಾಣ ಮಾಡಿಸಬಹುದೆ?

ಕಳೆದ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ಮೂರನೆಯ ದಿನ, ಉತ್ತಮ ಆರ್ಜವದ ಪೂಜೆ ಮುಗಿಸಿ ಬಸದಿಯಿಂದ ಮನೆಗೆ ಬಂದು ಕುಳಿತಿದ್ದೆ. ಹರಿಹರದಿಂದ ಪರಿಚಿತ ಶ್ರಾವಕರೊಬ್ಬರು ಬಂದರು. ಹರಿಹರಕ್ಕೂ ದಾವಣಗೆರೆಗೂ ಇರುವುದು ಹದಿನಾಲ್ಕು ಕಿಲೋಮೀಟರಿನ ಹಾದಿ. ಆದರೆ ಬಹುದೂರದಿಂದ ನಡೆದು ಬಂದವರಂತೆ ಅವರ ಮುಖ ಬಾಡಿತ್ತು. ಅವರ ಹದಿನೇಳು ವರ್ಷದ ಮಗ ಟ್ಯೂಷನ್ನಿಗೆಂದು ದಿನವೂ ನಮ್ಮೂರಿಗೆ ಬಂದುಹೋಗುವವನು. ಅವನು ಸಿಗರೇಟು ಸೇದುತ್ತಾನೆಂಬ ಸಂಗತಿ ತಿಂಗಳ ಹಿಂದೆ ಮನೆಯವರಿಗೆ ತಿಳಿಯಿತು. ತಂದೆ ಕೈಮಾಡಿದರು. ತಾಯಿ, ಮಗ ಬಿಡುವ ತನಕ ತನಗೆ ದಿನಕ್ಕೊಂದೇ ಊಟವೆಂದು ಏಕಾಶನ ಹಿಡಿದರು. ಎರಡರಿಂದಲೂ ಫಲವಾಗಲಿಲ್ಲ. ಈಗ ಅವರು ನನ್ನಲ್ಲಿ ಬೇಡಿದ್ದು ಇಷ್ಟೆ: "ನೀವು ಪಾಠಶಾಲೆಯಲ್ಲಿ ಅವನಿಗೆ ಹೇಳಿಕೊಟ್ಟವರು. ಅನಂತ ಚತುರ್ದಶಿಯಂದು ಜಿನಬಿಂಬದ ಮುಂದೆ ನಿಲ್ಲಿಸಿ ಅವನಿಂದ ಆಜೀವ ಪ್ರಮಾಣ ಮಾಡಿಸಿಬಿಡಿ. ಅಲ್ಲಿ ನುಡಿದ ಮೇಲೆ ತಪ್ಪಲಾರ."

ನಾನು ಒಪ್ಪಲಿಲ್ಲ. ಅವರಿಗೆ ಬೇಸರವಾಯಿತೆಂದು ಬಲ್ಲೆ. ನನ್ನ ನಿರಾಕರಣೆಗೆ ಶಾಸ್ತ್ರದ ಕಾರಣವಿತ್ತು; ಅದಕ್ಕಿಂತ ಮೊದಲು ಅನುಭವದ ಕಾರಣವಿತ್ತು.

ಈ ಕೆಲಸವನ್ನು ನಾನು ಒಮ್ಮೆ ಮಾಡಿದ್ದೇನೆ. 2003ರಲ್ಲಿ ನನ್ನ ಸ್ವಂತ ಮಗ ಹದಿನಾರರವನಾಗಿದ್ದಾಗ ಅವನ ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣವೂ ಅರ್ಧ ಸೇದಿ ನಂದಿಸಿದ ಸಿಗರೇಟೂ ಸಿಕ್ಕವು. ಬೇರೆಯವರ ಮಕ್ಕಳಿಗೆ ಅಣುವ್ರತಗಳನ್ನು ಬೋಧಿಸುವ ಉಪಾಧ್ಯಾಯನ ಮನೆಯಲ್ಲಿಯೇ ಹೀಗಾಯಿತಲ್ಲ ಎಂಬ ಅವಮಾನವೇ ನನ್ನಲ್ಲಿ ಮೊದಲು ಎದ್ದ ಭಾವ. ಹುಡುಗನ ಆರೋಗ್ಯದ ಚಿಂತೆ ಎರಡನೆಯದು. ಈ ಕ್ರಮವನ್ನು ಇಂದು ಮುಚ್ಚಿಡಲಾರೆ. ಮರುದಿನ ಬೆಳಿಗ್ಗೆಯೇ ಬಸದಿಗೆ ಕರೆದೊಯ್ದು, ನಾನು ಕಟ್ಟಿದ ವಾಕ್ಯವನ್ನು ಅವನ ಬಾಯಿಂದ ಮೂರು ಸಾರಿ ಹೇಳಿಸಿದೆ. ಅವನು ತಲೆತಗ್ಗಿಸಿ ಹೇಳಿದನು. ನನಗೆ ಸಮಾಧಾನವಾಯಿತು. ಆ ವಾರದಲ್ಲಿಯೇ ಅವನು ಮತ್ತೆ ಸೇದಿದನೆಂದೂ, ಮುಂದೆ ಆರು ವರ್ಷ ಏಲಕ್ಕಿ ಜಗಿಯುತ್ತ ಮನೆಗೆ ಬರುತ್ತಿದ್ದನೆಂದೂ ನನಗೆ ತಿಳಿದದ್ದು ಅವನ ಮದುವೆಯಾದ ಮೇಲೆ, ಅವನ ಬಾಯಿಂದಲೇ. ಅದಕ್ಕಿಂತಲೂ ನೋಯಿಸಿದ್ದು ಅವನ ಇನ್ನೊಂದು ಮಾತು: "ಅಪ್ಪ, ಸಿಗರೇಟು ಬಿಡುವುದಕ್ಕಿಂತ ಬಸದಿ ಬಿಡುವುದು ನನಗೆ ಸುಲಭವಾಯಿತು." ಓದಿನ ನೆಪ ಹೇಳಿ ಅವನು ಅಭಿಷೇಕಕ್ಕೆ ಬರುವುದನ್ನು ನಿಲ್ಲಿಸಿದ್ದು ಅದೇ ವರ್ಷ. ಸ್ವಾಮಿಯ ಮುಂದೆ ನಿಂತಾಗಲೆಲ್ಲ ಸುಳ್ಳುಗಾರನಾಗಿ ನಿಲ್ಲಬೇಕಲ್ಲ ಎಂಬ ಸಂಕೋಚ ಅವನನ್ನು ದೂರವಿರಿಸಿತ್ತು. ಹೊಗೆಯಿಂದ ಬಿಡಿಸಹೊರಟ ನಾನು ಜಿನದರ್ಶನದಿಂದ ಬಿಡಿಸಿದ್ದೆ.

ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ, ಅಭಿಸಂಧಿಯಿಂದ ಮಾಡಿದ ವಿರತಿಯೇ ವ್ರತವೆಂದು ನಿರೂಪಿಸಿದ್ದಾರೆ. ಅಭಿಸಂಧಿಯೆಂದರೆ ತಾನೇ ತಿಳಿದು, ತಾನೇ ನಿಶ್ಚಯಿಸಿ ಮಾಡಿದ ಸಂಕಲ್ಪ. ಸೆರೆಮನೆಯಲ್ಲಿ ತುಪ್ಪ ದೊರೆಯದವನು ರಸತ್ಯಾಗಿಯಾಗುವುದಿಲ್ಲ. ಉಮಾಸ್ವಾಮಿಗಳಾದರೋ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಶಲ್ಯವಿಲ್ಲದವನೇ ವ್ರತಿಯೆಂದಿದ್ದಾರೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಮುಳ್ಳುಗಳಲ್ಲಿ ಮೊದಲನೆಯದು ಕಪಟ. ಹೆದರಿಸಿ ನುಡಿಸಿದ ಪ್ರಮಾಣವು ಹುಡುಗನ ಎದೆಯಲ್ಲಿ ನೆಡುವುದು ಈ ಮುಳ್ಳನ್ನೇ. ಮೊದಲು ಅವನಲ್ಲಿ ಒಂದು ದೋಷವಿತ್ತು. ಪ್ರಮಾಣದ ಮರುದಿನದಿಂದ ಎರಡಾಗುತ್ತವೆ, ಮತ್ತು ಎರಡನೆಯದನ್ನು ಒದಗಿಸಿದವರು ನಾವು.

ಹಾಗಾದರೆ ತಂದೆತಾಯಿಗಳು ಕೈಕಟ್ಟಿ ಕುಳಿತಿರಬೇಕೆ ಎಂದು ಹರಿಹರದ ಮಹನೀಯರು ಕೇಳಿದರು. ಇಲ್ಲ. ಮನೆಯ ಕಟ್ಟಳೆ ಬೇರೆ, ವ್ರತ ಬೇರೆ. ಈ ಮನೆಯಲ್ಲಿ ಹೊಗೆ ಕೂಡದು, ಲೆಕ್ಕ ಕೊಡದೆ ಜೇಬುಹಣ ಸಿಗದು, ಉಬ್ಬಸವಿರುವ ಅಜ್ಜಿಯ ಕೋಣೆಗೆ ಹೊಗೆಯ ಅಂಗಿಯಲ್ಲಿ ಕಾಲಿಡಬಾರದು ಎಂದು ವಿಧಿಸುವ ಅಧಿಕಾರ ತಂದೆಗೆ ಉಂಟು. ಅದನ್ನು ಅವನು ಧಾರಾಳವಾಗಿ ಚಲಾಯಿಸಲಿ. ಕಟ್ಟಳೆಯನ್ನು ಮುರಿದವನು ತಂದೆಗೆ ಉತ್ತರ ಕೊಡುತ್ತಾನೆ. ವ್ರತವನ್ನು ಮುರಿದವನು ಉತ್ತರ ಕೊಡಬೇಕಾದದ್ದು ತನ್ನ ಆತ್ಮಕ್ಕೆ. ನಮ್ಮ ಕೈಯಲ್ಲಿರುವ ಅಧಿಕಾರವನ್ನು ಬಳಸಲು ಹಿಂಜರಿದು, ನಮ್ಮ ಕೈಯಲ್ಲಿಲ್ಲದುದನ್ನು ಬಸದಿಯ ಮೂಲಕ ಪಡೆಯಹೊರಡುವುದೇ ತಪ್ಪು. ಹೊಡೆತದ ವಿಷಯ ಹೇಳಬೇಕಾದದ್ದೇನೂ ಇಲ್ಲ. ಮೂವತ್ತೈದು ವರ್ಷ ಬೆತ್ತವಿರುವ ಕೋಣೆಗಳಲ್ಲಿ ಕಳೆದವನು ನಾನು. ಬೆತ್ತದಿಂದ ಸಿಗರೇಟು ಬಿಟ್ಟ ವಿದ್ಯಾರ್ಥಿಯನ್ನು ಕಂಡಿಲ್ಲ.

ತಾಯಿಯ ಏಕಾಶನದ ಬಗೆಗೆ ಮಾತನಾಡುವುದು ಕಷ್ಟ. ಆ ತಾಯಿಯ ಸಂಕಟ ನಿಜವಾದದ್ದು. ಆದರೆ ಉಪವಾಸವು ಕಷಾಯಗಳನ್ನು ಕೃಶಗೊಳಿಸುವುದಕ್ಕಾಗಿ ಇರುವುದು. ಇನ್ನೊಬ್ಬರ ಮೇಲೆ ಒತ್ತಡ ಹೇರುವುದಕ್ಕಲ್ಲ. ಕಟ್ಟುನಿಟ್ಟಾಗಿ ನೋಡಿದರೆ ನಿದಾನವೆಂದರೆ ಭೋಗಾಕಾಂಕ್ಷೆ, ಮಗನ ಒಳಿತನ್ನು ಬಯಸುವುದು ಅದಲ್ಲ. ಆದರೂ "ನೀನು ಇದನ್ನು ಕೊಟ್ಟರೆ ನಾನು ಉಣ್ಣುತ್ತೇನೆ" ಎಂಬ ಕರಾರಿನ ಉಪವಾಸ ನಿದಾನದ ನೆಂಟನೇ ಸರಿ. ತಾಯಿ ಹಸಿದಿರುವಳೆಂಬ ಪಾಪಪ್ರಜ್ಞೆಯಿಂದ ಹುಡುಗ ಮನೆಯಿಂದ ಹೊರಗೆ ಹೆಚ್ಚು ಹೊತ್ತು ಕಳೆಯತೊಡಗಿದ್ದ. ಹೊರಗೆ ಅವನಿಗೆ ಕಾದಿದ್ದುದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಆಕೆ ಉಣ್ಣಲಿ, ಸಾಧ್ಯವಾದರೆ ಮಗನೊಂದಿಗೆ ಕುಳಿತು ಸೂರ್ಯಾಸ್ತದ ಮುನ್ನ ಉಣ್ಣಲಿ ಎಂದೆ.

ಮರುವಾರ ಹುಡುಗನೂ ಬಂದ. ತರ್ಕದಲ್ಲಿ ಚುರುಕು. "ಸಪ್ತವ್ಯಸನಗಳಲ್ಲಿ ತಂಬಾಕಿನ ಹೆಸರೇ ಇಲ್ಲವಲ್ಲ, ಸರ್" ಎಂದ. ನಿಜವೇ. ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಗಮನ ಇವಷ್ಟೇ ಏಳು. ನಮ್ಮ ಪ್ರಾಚೀನ ಆಚಾರ್ಯರು ತಂಬಾಕನ್ನು ಕಂಡವರೇ ಅಲ್ಲ. ಅದು ಪೋರ್ಚುಗೀಸರ ಹಡಗುಗಳಲ್ಲಿ ಬಂದ ಗಿಡ. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಕ್ಬರನ ರಾಯಭಾರಿ ಅಸದ್ ಬೇಗ್ ಅದನ್ನು ಕಂಡು ದೊರೆಗೆಂದು ಒಯ್ದದ್ದು ನಮ್ಮ ಬಿಜಾಪುರದಿಂದಲೇ. ಆದರೆ ಸಮಂತಭದ್ರರು ಹೆಸರಿಸಿದ ವಸ್ತುಗಳಿಗೆ ನಿಲ್ಲಲಿಲ್ಲ. ತನಗೆ ಅನಿಷ್ಟವಾದುದನ್ನೂ ಸತ್ಪುರುಷರಿಗೆ ಅನುಪಸೇವ್ಯವಾದುದನ್ನೂ ಬಿಡಬೇಕೆಂದು ಬಾಗಿಲನ್ನು ತೆರೆದೇ ಇಟ್ಟರು. "ಅನಿಷ್ಟವೋ ಅಲ್ಲವೋ ನೀನೇ ಹೇಳು" ಎಂದೆ. ಮೆಟ್ಟಿಲೇರುವಾಗ ಏದುಸಿರು ಬರುತ್ತದೆಂದು ಒಪ್ಪಿಕೊಂಡ. ಆಮೇಲೆ ಅವನೊಂದು ಪ್ರಶ್ನೆ ಹಾಕಿದ: "ನಮ್ಮ ಅಂಗಡಿಯಲ್ಲಿ ಅಪ್ಪ ಮಾರುವುದು ಅನಿಷ್ಟವಲ್ಲವೆ?"

ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ತಂದೆಯದು ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೇ ಸಿಗರೇಟಿನ ಪ್ಯಾಕುಗಳು, ಬೀಡಿಕಟ್ಟುಗಳು. ನಮ್ಮಲ್ಲಿ ಎಷ್ಟೋ ಮನೆತನಗಳ ಅಂಗಡಿಗಳಲ್ಲಿ ಇದೇ ನೋಟ. ನಾವು ಸೇದುವುದಿಲ್ಲ, ಅಷ್ಟಕ್ಕೇ ನಿರ್ದೋಷಿಗಳೆಂದು ಭಾವಿಸುತ್ತೇವೆ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನು ಪ್ರತಿಕ್ರಮಣದಲ್ಲಿ ದಿನವೂ ಉಚ್ಚರಿಸುವವರು ಅಂಗಡಿಯ ಬಾಗಿಲು ತೆರೆದೊಡನೆ ಮೊದಲನೆಯದನ್ನು ಮಾತ್ರ ಎಣಿಸುತ್ತೇವೆ. 2003ರ ಕೇಂದ್ರ ಕಾಯಿದೆ 18 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿತು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಆ ವಯಸ್ಸನ್ನು 21ಕ್ಕೇರಿಸಿತು. ಪರರ ಮಕ್ಕಳ ಬಗೆಗೆ ಸರ್ಕಾರಕ್ಕೆ ಇರುವಷ್ಟು ಕಾಳಜಿಯಾದರೂ ಶ್ರಾವಕನಿಗೆ ಇರಬೇಡವೆ? ಹುಡುಗನ ಪ್ರಶ್ನೆಯನ್ನು ತಂದೆಗೆ ನಾನೇ ತಲುಪಿಸಿದೆ. ಬಹಳ ಹೊತ್ತು ಮೌನವಾಗಿದ್ದು, "ಅದನ್ನು ತೆಗೆದರೆ ಗಿರಾಕಿ ಸಕ್ಕರೆಗೂ ಪಕ್ಕದಂಗಡಿಗೆ ಹೋಗುತ್ತಾನೆ" ಎಂದರು. ಸುಳ್ಳಲ್ಲ. ಎರಡು ತಿಂಗಳು ಕಳೆದು, ದೀಪಾವಳಿಯ ಹೊಸ ಲೆಕ್ಕದ ಪುಸ್ತಕ ತೆರೆದಾಗ, ತೆಗೆದರು. ನಷ್ಟವಾಗಿದೆ. ಎಷ್ಟೆಂದು ನನಗೆ ಹೇಳಿದ್ದಾರೆ. ಇಲ್ಲಿ ಬರೆಯುವುದು ಸಲ್ಲದು.

ಇನ್ನೊಂದು ವಿಷಯದಲ್ಲಿ ಆ ದಂಪತಿಗಳು ನನಗಿಂತ ಜಾಣರಾಗಿದ್ದರು: ಬಂಧುಬಳಗಕ್ಕೆ ಹೇಳಿರಲಿಲ್ಲ. ನಾನು 2003ರಲ್ಲಿ ಸೋದರಮಾವಂದಿರನ್ನೆಲ್ಲ ಕೂಡಿಸಿದ್ದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನಕ್ಕೆ ದೃಷ್ಟಾಂತವಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ನೂರು ಸಾರಿ ಹೇಳಿದವನು ನಾನು. ಕ್ಷುಲ್ಲಕವೇಷದ ಕಳ್ಳ ತನ್ನ ಚೈತ್ಯಾಲಯದ ರತ್ನವನ್ನೇ ಕದ್ದು ಸಿಕ್ಕಿಬಿದ್ದಾಗ, ನಾನೇ ತರಹೇಳಿದ್ದೆನೆಂದು ಕಾವಲಿನವರ ಮುಂದೆ ಆ ಶ್ರೇಷ್ಠಿ ಕಾಪಾಡಿದ. ಹೇಳಿದ ಕಥೆ ನನ್ನ ಮನೆಯಲ್ಲಿ ನೆನಪಿಗೆ ಬರಲಿಲ್ಲ. ಭಗವತೀ ಆರಾಧನೆಯಲ್ಲಿ ಆಲೋಚನೆಯನ್ನು ಆಲಿಸುವ ಆಚಾರ್ಯನ ಗುಣಗಳಲ್ಲಿ 'ಅಪರಿಸ್ರಾವಿ' ಎಂಬುದೊಂದಿದೆ: ಕೇಳಿದ ದೋಷವನ್ನು ಹೊರಗೆ ಸೋರಗೊಡದವನು. ಮಗ ತಾನಾಗಿ ಒಪ್ಪಿಕೊಳ್ಳಬೇಕಾದರೆ ತಂದೆ ಮೊದಲು ಸೋರದ ಪಾತ್ರೆಯಾಗಬೇಕು. ಬಾಲಕ ಗಾಂಧಿ ಬೀಡಿಯ ಚಟಕ್ಕೆ ಆಳುಗಳ ಕಾಸು ಕದ್ದವರು. ಮುಂದೆ ಅಣ್ಣನ ಕಡಗದ ಚಿನ್ನ ಕದ್ದು, ತಪ್ಪೊಪ್ಪಿಗೆಯನ್ನು ಬರೆದು ಹಾಸಿಗೆ ಹಿಡಿದಿದ್ದ ತಂದೆಯ ಕೈಗಿತ್ತರು. ತಂದೆ ಓದಿ ಕಣ್ಣೀರಿಟ್ಟು ಕಾಗದವನ್ನು ಹರಿದರು, ಒಂದು ಮಾತೂ ಆಡಲಿಲ್ಲ. 1888ರಲ್ಲಿ ವಿಲಾಯಿತಿಗೆ ಹೊರಡುವ ಮುನ್ನ ಅದೇ ಹುಡುಗ ಬೇಚರಜೀ ಸ್ವಾಮಿ ಎಂಬ ಜೈನ ಮುನಿಗಳ ಮುಂದೆ ಮದ್ಯ, ಮಾಂಸ, ಪರಸ್ತ್ರೀ ವರ್ಜನೆಯ ವ್ರತ ತೊಟ್ಟು ಪಾಲಿಸಿದ್ದು ಎಲ್ಲರಿಗೂ ತಿಳಿದದ್ದೇ. ತಾಯಿಯ ಬಯಕೆ ಅಲ್ಲಿಯೂ ಇತ್ತು; ಆದರೆ ಹೋಗಬೇಕೆಂಬ ಹಂಬಲ ಅವನದು, ಸಂಕಲ್ಪವೂ ಅವನದಾಯಿತು.

ಹುಡುಗನಿಗೆ ನಾನು ಖದಿರಸಾರನ ಕಥೆಯನ್ನು ಹೇಳಿದೆ. ಶ್ರೇಣಿಕ ಮಹಾರಾಜನ ಪೂರ್ವಭವದಲ್ಲಿ ಅವನು ಕಿರಾತ. ಮಾಂಸವನ್ನು ಬಿಡಲಾರೆನೆಂದ. ಮುನಿಗಳು ಬೈಯಲಿಲ್ಲ. ಕಾಗೆಯ ಮಾಂಸವನ್ನಾದರೂ ಬಿಡಬಲ್ಲೆಯಾ ಎಂದರು. ಅಷ್ಟನ್ನು ಹಿಡಿದ, ಪ್ರಾಣಸಂಕಟದಲ್ಲಿಯೂ ಬಿಡಲಿಲ್ಲ. ಸಮಂತಭದ್ರರೂ ಜೀವಾವಧಿಯದನ್ನು ಯಮವೆಂದು, ಕಾಲಮಿತಿಯುಳ್ಳದ್ದನ್ನು ನಿಯಮವೆಂದು ವಿಂಗಡಿಸಿ, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ ಎಂದು ಅಳತೆಗಳನ್ನು ಕೊಟ್ಟಿದ್ದಾರೆ. ಹದಿನೇಳರ ಹುಡುಗನಿಗೆ ಆಜೀವವೆಂಬ ಮಾತು ಅರ್ಥವಾಗದು. ನಾಳೆ ಸೂರ್ಯೋದಯದ ತನಕ ಎಂಬುದು ಅರ್ಥವಾಗುತ್ತದೆ. ವೈದ್ಯರು ಹೇಳುವುದೂ ಇದಕ್ಕೆ ವಿರೋಧವಲ್ಲ. ನಿಕೋಟಿನ್ ಕೆಲವೇ ಕ್ಷಣಗಳಲ್ಲಿ ಮೆದುಳನ್ನು ಮುಟ್ಟುತ್ತದೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಇಳಿದಾಗ ಮತ್ತೆ ಬೇಡುತ್ತದೆ. ಒಂದೊಂದು ಸೆಳೆತವೂ ಕೆಲವು ನಿಮಿಷ ತಡೆದರೆ ತಗ್ಗುತ್ತದೆ. ಮೊದಲ ವಾರ ಬಲು ಕಠಿಣ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಮಧ್ಯಾಹ್ನದ ಹಸಿವು ಸಂಜೆಗೆ ತಾನೇ ಅಡಗುವುದನ್ನು ನಾವೆಲ್ಲ ಕಂಡವರು. ಕೇಂದ್ರ ಸರ್ಕಾರದ ಉಚಿತ ದೂರವಾಣಿ 1800-11-2356 ಕೂಡ ಇದೆ; ಸಿಗರೇಟಿನ ಪ್ಯಾಕಿನ ಮೇಲೆಯೇ ಅಚ್ಚಾಗಿರುತ್ತದೆ. ಹುಡುಗ ಅದನ್ನು ದಿನವೂ ನೋಡಿದ್ದ, ಓದಿರಲಿಲ್ಲ.

ಅನಂತ ಚತುರ್ದಶಿಯಂದು ಯಾವ ಪ್ರಮಾಣವೂ ನಡೆಯಲಿಲ್ಲ. ಕಾರ್ತಿಕದ ಒಂದು ಅಷ್ಟಮಿಯಂದು ಅವನೇ ಬಂದು ಒಂದು ದಿನದ ನಿಯಮ ಕೇಳಿದ, ತಂದೆಗೆ ಹೇಳಬೇಡಿರೆಂದ. ನಾನು ಹೇಳಿಲ್ಲ, ಈ ಬರಹವನ್ನು ಅಚ್ಚಿಗೆ ಕೊಡುವ ಮುನ್ನ ಅವನ ಅನುಮತಿ ಪಡೆದಿದ್ದೇನೆ. ಆ ಒಂದು ದಿನ ಎರಡಾಯಿತು, ಎಂಟಾಯಿತು. ಒಂಬತ್ತನೆಯ ದಿನ ರಾತ್ರಿ ಫೋನ್ ಬಂತು. "ಇವತ್ತು ತಪ್ಪಿತು, ಸರ್. ಒಂದು ಸೇದಿದೆ. ನಾಳೆಯಿಂದ ಮತ್ತೆ ಒಂದು ದಿನಕ್ಕೆ ಹೇಳಿಕೊಡುತ್ತೀರಾ?"

ನಾಳೆಯವರೆಗೆ ಏಕೆ ಕಾಯಬೇಕು, ಈ ರಾತ್ರಿಯಿಂದಲೇ ಎಂದೆ. ಆ ಕಡೆಯಿಂದ ಅವನು ಣಮೋಕಾರ ಮಂತ್ರ ಹೇಳತೊಡಗಿದ.