ಪ್ರಯೋಗಿಸದ ಅಸ್ತ್ರದ ಹಿಂಸೆ

ಎಂದೂ ಪ್ರಯೋಗಿಸುವ ಸಂದರ್ಭ ಬಾರದಿರಲಿ ಎಂದೇ ಒಂದು ಅಸ್ತ್ರವನ್ನು ಮಾಡಿಟ್ಟುಕೊಳ್ಳುವುದು, ಸಂದರ್ಭ ಬಂದರೆ ಪ್ರಯೋಗಿಸಿಯೇ ತೀರುತ್ತೇವೆಂದು ಎದುರಾಳಿಯನ್ನು ನಂಬಿಸುವುದು: ಅಣ್ವಸ್ತ್ರ ನೀತಿ ನಿಂತಿರುವುದು ಈ ಎರಡರ ಮೇಲೆ. ಸಂಕಲ್ಪ ಹುಸಿಯಾದರೆ ಎದುರಾಳಿ ಅಂಜುವುದಿಲ್ಲ. ನಿಜವಾದರೆ ಅದು ಲಕ್ಷಾಂತರ ನಿರಪರಾಧಿಗಳನ್ನು ಕೊಲ್ಲುವ ಸಂಕಲ್ಪ. ಒಬ್ಬರೂ ಸಾಯದೆ ವರ್ಷಗಳು ಉರುಳಿದರೂ ಅಲ್ಲಿ ಹಿಂಸೆ ನಡೆದಿದೆಯೇ ಎಂಬುದು ಧರ್ಮಶಾಸ್ತ್ರದ ಪ್ರಶ್ನೆ.

ಈ ಪ್ರಶ್ನೆಗೆ ಮೈಸೂರು ಜಿಲ್ಲೆಯ ಪಶ್ಚಿಮ ಭಾಗ ಹೊರಗಿನದಲ್ಲ. ಸಾಲಿಗ್ರಾಮದ ಸೀಮೆಯಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಇಲವಾಲ ಸಿಗುತ್ತದೆ. ಅದರ ಬಳಿಯ ರತ್ನಹಳ್ಳಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ರೇರ್ ಮೆಟೀರಿಯಲ್ಸ್ ಪ್ಲಾಂಟ್, ಅಂದರೆ ಆರ್‌ಎಂಪಿ ಇದೆ. ಪ್ರಕೃತಿಯಲ್ಲಿ ಸಿಗುವ ಯುರೇನಿಯಂನಲ್ಲಿ ಸೀಳಿ ಶಕ್ತಿ ಕೊಡುವ ಯುರೇನಿಯಂ-235ರ ಅಂಶ ಶೇ 0.7ರಷ್ಟು ಮಾತ್ರ. ಅನಿಲರೂಪದ ಯುರೇನಿಯಂ ಸಂಯುಕ್ತವನ್ನು ಅತಿವೇಗದ ಸೆಂಟ್ರಿಫ್ಯೂಜ್‌ಗಳಲ್ಲಿ ತಿರುಗಿಸಿ ಆ ಅಂಶವನ್ನು ಹೆಚ್ಚಿಸುವ ಕೆಲಸ ಇಲ್ಲಿ 1990ರ ಸುಮಾರಿಗೆ ಶುರುವಾಯಿತು. ಭಾರತದ ಬಾಂಬುಗಳ ಮುಖ್ಯ ಸಾಮಗ್ರಿ ಪ್ಲುಟೋನಿಯಂ. ಇಲ್ಲಿನ ಯುರೇನಿಯಂ ಮುಖ್ಯವಾಗಿ ಜಲಾಂತರ್ಗಾಮಿಗಳ ರಿಯಾಕ್ಟರಿಗೆ ಎಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. 2006ರಲ್ಲಿ ಅಮೆರಿಕದ ಜತೆಗಿನ ಒಪ್ಪಂದಕ್ಕಾಗಿ ಭಾರತ ತನ್ನ ಪರಮಾಣು ಸ್ಥಾವರಗಳನ್ನು ನಾಗರಿಕ, ಸೈನಿಕ ಎಂದು ಬೇರ್ಪಡಿಸಿದಾಗ ಇದನ್ನು ನಾಗರಿಕ ಪಟ್ಟಿಗೆ ಸೇರಿಸಲಿಲ್ಲ. ಅಂತರರಾಷ್ಟ್ರೀಯ ತಪಾಸಣೆಗೆ ಇದು ಒಳಪಟ್ಟಿಲ್ಲ. ಇದೇ ಇಲವಾಲದಲ್ಲಿ 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆ, ನೆಹರೂ ಮತ್ತು ಹಲವು ಪಕ್ಷಗಳ ನಾಯಕರು ಕೂತು, ಊರಿನ ಭೂಮಿಯನ್ನು ಊರಿಗೇ ಒಪ್ಪಿಸುವ ಗ್ರಾಮದಾನದ ಬಗ್ಗೆ ಒಮ್ಮತಕ್ಕೆ ಬಂದಿದ್ದರು. ವಿಜ್ಞಾನಕ್ಕೆ ಅಧ್ಯಾತ್ಮ ಜೊತೆಯಾಗದಿದ್ದರೆ ಉಳಿಗಾಲವಿಲ್ಲ ಎಂಬುದು ವಿನೋಬಾ ಆ ಕಾಲದಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ ಮಾತು.

ಇಲವಾಲದಿಂದ ಇನ್ನಷ್ಟು ಪಶ್ಚಿಮಕ್ಕೆ, ಹುಣಸೂರು ತಾಲ್ಲೂಕಿನ ಬೆಟ್ಟದೂರಿನ ಬಳಿ, ಗೊಮ್ಮಟಗಿರಿಯ ಬಂಡೆಯ ಮೇಲೆ ಸುಮಾರು 18 ಅಡಿ ಎತ್ತರದ ಬಾಹುಬಲಿ ನಿಂತಿದ್ದಾನೆ. ಸಾಲಿಗ್ರಾಮದ ಕಡೆಯ ಚಿಕ್ಕಹನಸೋಗೆಯಲ್ಲಿ, ಚಂಗಾಳ್ವರ ಕಾಲದ ಶಾಸನಗಳಿರುವ ತ್ರಿಕೂಟ ಬಸದಿಯಲ್ಲಿ, ಅವನ ತಂದೆ ಆದಿನಾಥನಿದ್ದಾನೆ. ಹನಸೋಗೆ ಒಂದು ಕಾಲಕ್ಕೆ ಜೈನ ಮುನಿಗಳ ದೊಡ್ಡ ನೆಲೆ. ಹಿಂಸೆ ಎಂದರೇನು ಎಂಬ ಪ್ರಶ್ನೆಯನ್ನು ಜೈನರಷ್ಟು ಬಿಡಿಸಿ ನೋಡಿದವರು ವಿರಳವಾದ್ದರಿಂದ ವಿಚಾರವನ್ನು ಅಲ್ಲಿಂದಲೇ ತೊಡಗುವುದು ಸರಿ.

ಜೈನ ಶಾಸ್ತ್ರ ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡಾಗಿ ವಿಂಗಡಿಸುತ್ತದೆ. ಪ್ರಾಣ ಹೋಗುವುದು ಮೊದಲನೆಯದು. ಕೊಲ್ಲುವ ಕಷಾಯ, ಅಂದರೆ ಕಲುಷ ಭಾವ, ಮನಸ್ಸಿನಲ್ಲಿ ಹುಟ್ಟುವುದು ಎರಡನೆಯದು. ಎಚ್ಚರದಿಂದ ನಡೆಯುವ ಮುನಿಯ ಕಾಲಡಿ ಹುಳುವೊಂದು ಸತ್ತರೆ ಅವನಿಗೆ ಹಿಂಸೆಯ ದೋಷ ಅಂಟದು. ಕೊಲ್ಲಬೇಕೆಂದು ಹೊರಟವನಿಗೆ ಬೇಟೆ ತಪ್ಪಿದರೂ ಅಂಟುತ್ತದೆ. ರಾಗ ಹುಟ್ಟುವುದೇ ಹಿಂಸೆ ಎಂಬಲ್ಲಿಯವರೆಗೆ ಅಮೃತಚಂದ್ರನ ಪುರುಷಾರ್ಥಸಿದ್ಧ್ಯುಪಾಯ ಈ ತರ್ಕವನ್ನು ಒಯ್ಯುತ್ತದೆ. ಈ ಅಳತೆಯಲ್ಲಿ, ಗುರಿಪಟ್ಟಿ ಸಿದ್ಧವಿಟ್ಟುಕೊಂಡು ಆಜ್ಞೆಗೆ ಕಾಯುವ ಕ್ಷಿಪಣಿ ಪಡೆ ನಿತ್ಯವೂ ಭಾವಹಿಂಸೆಯಲ್ಲಿದೆ. ‘ಬಳಸಲಿಲ್ಲವಲ್ಲ’ ಎಂಬ ಸಮಾಧಾನ ದ್ರವ್ಯಹಿಂಸೆಗಷ್ಟೇ ಉತ್ತರವಾಗುತ್ತದೆ.

ಇದಕ್ಕೆ ಆಕ್ಷೇಪವೂ ಜೈನರೊಳಗೇ ಇದೆ. ಮುನಿಯ ಮಹಾವ್ರತ ಗೃಹಸ್ಥನಿಗಿಲ್ಲ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಅವನು ಬಿಡಲೇಬೇಕು. ಮೇಲೆ ಬಿದ್ದವರನ್ನು ಎದುರಿಸುವ ವಿರೋಧಿ ಹಿಂಸೆ ಅವನಿಗೆ ತಪ್ಪಿದ್ದಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಗಂಗರ ದಂಡನಾಯಕ, ಕಾದಾಡಿ ಬಿರುದು ಪಡೆದವನು. ಹಾಗಾದರೆ ದೇಶ ಕಾಯುವ ಅಣ್ವಸ್ತ್ರವೂ ವಿರೋಧಿ ಹಿಂಸೆಯ ಲೆಕ್ಕಕ್ಕೆ ಬಾರದೇ? ಬಾರದು ಎನ್ನಲು ಬಲವಾದ ಕಾರಣವಿದೆ. ವಿರೋಧಿ ಹಿಂಸೆ ಎದುರು ನಿಂತ ವಿರೋಧಿಯ ಮೇಲಿನದು. ಅಣ್ವಸ್ತ್ರಕ್ಕೆ ದಂಡು, ಕೇರಿ ಎಂಬ ಭೇದ ತಿಳಿಯದು. ಪ್ರತೀಕಾರವಾಗಿ ಹಾರಿಸುವಾಗ ಕಾಯಬೇಕಾದ ಊರು ಆಗಲೇ ಸುಟ್ಟಿರುತ್ತದೆ; ಆ ಗಳಿಗೆಯ ಪ್ರಯೋಗ ಯಾರನ್ನೂ ಕಾಯುವುದಿಲ್ಲ. ಭಾರತ 2003ರ ಜನವರಿ 4ರಂದು ಪ್ರಕಟಿಸಿದ ನೀತಿಯಲ್ಲಿ ಮೊದಲು ಬಳಸುವುದಿಲ್ಲ ಎಂಬ ಮಾತೂ ಇದೆ, ದಾಳಿಯಾದರೆ ಪ್ರತೀಕಾರ ಭಾರೀ ಪ್ರಮಾಣದ್ದು ಎಂಬ ಮಾತೂ ಇದೆ. ಮೊದಲನೆಯದು ಗೃಹಸ್ಥನ ವ್ರತಕ್ಕೆ ಹತ್ತಿರ. ಎರಡನೆಯದನ್ನು ಸಂಕಲ್ಪಿ ಹಿಂಸೆಯಿಂದ ಬೇರ್ಪಡಿಸುವುದು ಕಷ್ಟ.

ಗೊಮ್ಮಟಗಿರಿಯ ಮೂರ್ತಿಯ ಹಿಂದಿನ ಕಥೆಯನ್ನು ಕನ್ನಡದಲ್ಲಿ ಪಂಪ 941ರ ಆದಿಪುರಾಣದಲ್ಲಿ ಹೇಳಿದ್ದಾನೆ. ಬಾಹುಬಲಿಯ ಅಣ್ಣ ಭರತನ ಚಕ್ರರತ್ನ ಅಯೋಧ್ಯೆಯನ್ನು ಹೊಗದೆ ನಿಲ್ಲುತ್ತದೆ, ತಮ್ಮಂದಿರು ಇನ್ನೂ ಎರಗಿಲ್ಲವೆಂದು. ಬಾಹುಬಲಿ ಎರಗಲು ಒಪ್ಪದಾಗ ಎರಡು ಸೇನೆಗಳು ಎದುರಾಗುತ್ತವೆ. ಮಂತ್ರಿಗಳು ಮಧ್ಯೆ ಬರುತ್ತಾರೆ: ಜನಕ್ಷಯ ಬೇಡ, ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತೀರಿಸಿಕೊಳ್ಳಲಿ. ಶಸ್ತ್ರ ನಿಯಂತ್ರಣದ ಕಥೆಗಳಲ್ಲಿ ಇಷ್ಟು ಜಾಣ ಮಂತ್ರಿಗಳು ಮತ್ತೆ ಸಿಗಲಿಲ್ಲ. ಮೂರರಲ್ಲೂ ಸೋತ ಭರತ ಚಕ್ರವನ್ನು ಪ್ರಯೋಗಿಸುತ್ತಾನೆ. ಅದು ಬಾಹುಬಲಿಯನ್ನು ಬಲವಂದು ನಿಲ್ಲುತ್ತದೆ. ಬಾಹುಬಲಿಯ ಮೈಗೆ ಗಾಯವಿಲ್ಲ, ಆದರೂ ಅವನು ರಾಜ್ಯಕ್ಕೆ ಹೇಸುತ್ತಾನೆ. ಒಡಂಬಟ್ಟ ಮಿತಿಯನ್ನು ಸೋಲಿನ ಗಳಿಗೆಯಲ್ಲಿ ಅಣ್ಣ ಮುರಿದದ್ದೇ ಅಲ್ಲಿ ಹಿಂಸೆ. ಅಣ್ವಸ್ತ್ರದ ಅಪಾಯವನ್ನು ಬಲ್ಲವರು ಹೆಚ್ಚು ಅಂಜುವುದೂ ಇಂಥ ಗಳಿಗೆಗೇ: ಸಾಮಾನ್ಯ ಯುದ್ಧದಲ್ಲಿ ಸೋಲುತ್ತಿರುವವನ ಕೈ ಯಾವುದಕ್ಕೆ ಹೋಗುತ್ತದೆ ಎಂಬುದಕ್ಕೆ.

ಅಣುಬಾಂಬಿನ ಮಾತು ಬಂದರೆ ಅದನ್ನು ರೂಪಿಸಿದ ವಿಜ್ಞಾನಿ ಓಪನ್‌ಹೈಮರ್ ಮತ್ತು ಅವರು ಉದ್ಧರಿಸಿದ ಗೀತೆಯನ್ನು ನೆನೆಯುವುದು ರೂಢಿ. ಮಹಾಭಾರತದಲ್ಲಿ ಇದಕ್ಕಿಂತ ಹೆಚ್ಚು ಹೊಂದುವ ಪ್ರಸಂಗ ಸೌಪ್ತಿಕ ಪರ್ವದ್ದು. ಅಶ್ವತ್ಥಾಮ ಬ್ರಹ್ಮಶಿರಾಸ್ತ್ರವನ್ನು ಬಿಡುತ್ತಾನೆ. ಅದನ್ನು ತಣಿಸಲು ಅರ್ಜುನನೂ ಅದನ್ನೇ ಬಿಡುತ್ತಾನೆ. ಎರಡು ತಾಗಿದ ನೆಲದಲ್ಲಿ ಹನ್ನೆರಡು ವರ್ಷ ಮಳೆಯಿಲ್ಲ ಎಂದು ವ್ಯಾಸ, ನಾರದರು ನಡುವೆ ನಿಲ್ಲುತ್ತಾರೆ. ಅರ್ಜುನ ಉಪಸಂಹಾರ ಮಾಡುತ್ತಾನೆ. ಅಶ್ವತ್ಥಾಮನಿಗೆ ಬಿಡುವುದು ಗೊತ್ತು, ಹಿಂದಕ್ಕೆ ಕರೆಯುವುದು ಗೊತ್ತಿಲ್ಲ. ಅಸ್ತ್ರ ಪಾಂಡವ ಸ್ತ್ರೀಯರ ಗರ್ಭದ ಮೇಲೆ ಹೋಗುತ್ತದೆ. ಅಸ್ತ್ರದ ಅರ್ಹತೆ ಉಪಸಂಹಾರ ಬಲ್ಲವನಿಗೆ ಮಾತ್ರ ಎಂಬುದು ಆ ಕಥೆಯ ಕಟ್ಟಳೆ. ಹಾರಿದ ಖಂಡಾಂತರ ಕ್ಷಿಪಣಿಯನ್ನು ಮರಳಿ ಕರೆಯುವ ಏರ್ಪಾಡು ಯಾವ ದೇಶವೂ ಇಟ್ಟುಕೊಂಡಿಲ್ಲ, ಹಗೆಯ ಕೈಗೆ ಆ ಸಂಕೇತ ಸಿಕ್ಕೀತೆಂಬ ಭಯಕ್ಕೆ. ಆ ಕಟ್ಟಳೆಯಂತೆ ಇಂದು ಅರ್ಹರು ಯಾರೂ ಇಲ್ಲ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರ ಮಹಾಯಾನದಲ್ಲಿ ವಾದದ ಇನ್ನೊಂದು ಮುಖವಿದೆ. ಐನೂರು ಪಯಣಿಗರನ್ನು ಕೊಲ್ಲಲು ಹವಣಿಸಿದ ದರೋಡೆಕೋರನನ್ನು ಹಡಗಿನ ನಾಯಕನಾಗಿದ್ದ ಬೋಧಿಸತ್ವ ತಾನೇ ಕೊಲ್ಲುತ್ತಾನೆ, ನರಕ ತನಗಿರಲಿ ಎಂದು. ಅಣ್ವಸ್ತ್ರದ ಸಮರ್ಥಕರಿಗೆ ಇದು ಹಿಡಿಸಬಹುದು. ಆದರೆ ನಾಯಕ ಕೊಂದದ್ದು ಒಬ್ಬ ಅಪರಾಧಿಯನ್ನು, ಹಡಗನ್ನು ಮುಳುಗಿಸಲಿಲ್ಲ. ದಲಾಯಿ ಲಾಮಾ 1987ರ ಪಂಚಸೂತ್ರ ಶಾಂತಿ ಯೋಜನೆಯಲ್ಲಿ, ಟಿಬೆಟ್ಟಿನ ನೆಲದಲ್ಲಿ ಅಣ್ವಸ್ತ್ರ ತಯಾರಿಕೆಯೂ ಪರಮಾಣು ತ್ಯಾಜ್ಯವೂ ಇರಬಾರದೆಂದು ಕೇಳಿದ್ದರು. ಬಾಂಬಿಗೆ ಧರ್ಮದ ಹೆಸರೂ ಅಂಟಿದೆ: ಭಾರತದ ಮೊದಲ ಅಣುಸ್ಫೋಟ 1974ರ ಮೇ 18ರಂದು ನಡೆದು ‘ಬುದ್ಧ ನಕ್ಕ’ ಎಂಬ ಹೆಸರು ಪಡೆಯಿತು. ಅದರ ಮುಂಚೂಣಿಯಲ್ಲಿದ್ದವರು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಪರಮಾಣು ಕ್ಷಿಪಣಿ ಹೊರುವ ಭಾರತದ ಜಲಾಂತರ್ಗಾಮಿಯೊಂದರ ಹೆಸರು ಅರಿಹಂತ್. ಜೈನರ ಪಂಚನಮಸ್ಕಾರ ಮಂತ್ರದ ಮೊದಲ ವಂದನೆ ಅರಿಹಂತರಿಗೆ. ಅವರು ಕೊಂದ ಅರಿಗಳು ಕ್ರೋಧ, ಮಾನ, ಮಾಯೆ, ಲೋಭಗಳು.

ಲೋಭದ ಮಾತು ಶಸ್ತ್ರಪೈಪೋಟಿಗೆ ನೇರವಾಗಿ ಸಲ್ಲುತ್ತದೆ. ಗೃಹಸ್ಥನಿಗೆ ಜೈನರು ವಿಧಿಸಿದ್ದು ಪರಿಗ್ರಹ ಪರಿಮಾಣ: ಎಲ್ಲ ಬಿಡಲಾಗದಿದ್ದರೆ ಇಷ್ಟೇ ಸಾಕೆಂದು ಮಿತಿ ಹಾಕಿಕೊ. ‘ಕನಿಷ್ಠ ಅಣ್ವಸ್ತ್ರ’ ಎಂಬ ಭಾರತದ ಘೋಷಣೆಯ ಭಾಷೆ ಇದಕ್ಕೆ ದೂರವಲ್ಲ. ತೊಡಕಿರುವುದು ಕನಿಷ್ಠವನ್ನು ನೆರೆಯವನ ಕಣಜ ನೋಡಿ ಅಳೆಯುವುದರಲ್ಲಿ. ಚೀನಾ ಅಮೆರಿಕವನ್ನು, ಭಾರತ ಚೀನಾವನ್ನು, ಪಾಕಿಸ್ತಾನ ಭಾರತವನ್ನು ನೋಡಿ ಅಳೆಯುತ್ತದೆ. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಅಂದಾಜಿನಂತೆ 2025ರ ಆರಂಭಕ್ಕೆ ಜಗತ್ತಿನಲ್ಲಿ ಸುಮಾರು 12,240 ಸಿಡಿತಲೆಗಳಿದ್ದವು, ಭಾರತದವು ಸುಮಾರು 180, ಪಾಕಿಸ್ತಾನದವು 170, ಚೀನಾದವು 600. 1980ರ ದಶಕದ ಎಪ್ಪತ್ತು ಸಾವಿರದ ಮುಂದೆ ಇದು ಕಡಿಮೆಯೇ. ಇಳಿಸಿದ್ದು ಒಪ್ಪಂದಗಳು.

ಆ ಒಪ್ಪಂದಗಳ ಸ್ವಭಾವಕ್ಕೂ ಜೈನ ಗೃಹಸ್ಥರ ನಡತೆಯನ್ನು ಹೇಳುವ ಶ್ರಾವಕಾಚಾರದಲ್ಲಿ ಹೆಸರಿದೆ. ಸಮಂತಭದ್ರನ ರತ್ನಕರಂಡಕದ ಪ್ರಕಾರ ಕಾಲಮಿತಿಯುಳ್ಳ ವ್ರತ ನಿಯಮ, ಬದುಕಿರುವವರೆಗಿನದು ಯಮ. ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ನಿಷೇಧಿಸಿದ 1987ರ ಒಪ್ಪಂದ 2019ರಲ್ಲಿ ಮುರಿಯಿತು. ಅಮೆರಿಕ, ರಷ್ಯಾಗಳು ನಿಯೋಜಿಸಿದ ದೂರವ್ಯಾಪ್ತಿಯ ಸಿಡಿತಲೆಗಳನ್ನು ತಲಾ 1,550ಕ್ಕೆ ಕಟ್ಟಿಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿ 2026ರ ಫೆಬ್ರವರಿ 5ಕ್ಕೆ ಮುಗಿಯಿತು. ಇವು ನಿಯಮಗಳು. ಯಮದ ರೂಪದ್ದು, ಅಣ್ವಸ್ತ್ರವನ್ನು ಪೂರ್ತಿ ನಿಷೇಧಿಸುವ 2017ರ ಒಪ್ಪಂದ. 2021ರ ಜನವರಿ 22ರಿಂದ ಅದು ಜಾರಿಯಲ್ಲಿದೆ. ಅಣ್ವಸ್ತ್ರವುಳ್ಳ ಒಂಬತ್ತು ದೇಶಗಳಲ್ಲಿ ಒಂದೂ ಅದಕ್ಕೆ ಸಹಿ ಹಾಕಿಲ್ಲ. ಭಾರತವೂ ಹಾಕಿಲ್ಲ, 1995ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಅಣ್ವಸ್ತ್ರ ಬಳಕೆ ಅಕ್ರಮವೆಂದು ತಾನೇ ವಾದಿಸಿದ್ದರೂ. ಅದಾಗಿ ಮೂರು ವರ್ಷಕ್ಕೆ ಪೋಖ್ರಾನಿನಲ್ಲಿ ಮತ್ತೆ ಸ್ಫೋಟಗಳಾದವು.

ಮೊದಲು ಬಳಸುವುದಿಲ್ಲ ಎಂಬ ಭಾರತದ ಮಾತು ಯಾವ ಒಪ್ಪಂದದ್ದೂ ಅಲ್ಲ, ತಾನೇ ತೊಟ್ಟ ವ್ರತ. ಅದಕ್ಕೆ ಅವಧಿ ಬರೆದಿಲ್ಲವಾದ್ದರಿಂದ ನೋಡಲು ಯಮದಂತಿದೆ. ತೊಟ್ಟವರೇ ಕಳಚಬಹುದಾದ್ದರಿಂದ ನಿಯಮದಂತೆಯೂ ಇದೆ. 2019ರ ಆಗಸ್ಟ್ 16ರಂದು ಪೋಖ್ರಾನಿನಲ್ಲಿ ಆಗಿನ ರಕ್ಷಣಾ ಸಚಿವ ರಾಜನಾಥ್ ಸಿಂಗ್, ಈವರೆಗೆ ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದೇವೆ, ಮುಂದಿನದು ಸಂದರ್ಭವನ್ನು ಅವಲಂಬಿಸಿದೆ ಎಂಬರ್ಥದ ಮಾತಾಡಿದರು. ನೀತಿ ಬದಲಾದ ಘೋಷಣೆ ಆಮೇಲೆ ಬಂದಿಲ್ಲ.