ಮಗುವಿನ ರೋಗವೂ ತಾಯಿಯ ಉಪವಾಸವೂ

ವ್ರತವು ಶ್ರಾವಕನ ಬದುಕಿಗೆ ಹಾಕಿದ ಬೇಲಿ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಬೇಲಿ ಇರುವುದು ಬೆಳೆಯ ರಕ್ಷಣೆಗಾಗಿ. ಬೇಲಿಯೇ ಎದ್ದು ಹೊಲವನ್ನು ಮೇಯತೊಡಗಿದರೆ ಒಕ್ಕಲಿಗನು ಯಾರಲ್ಲಿ ಮೊರೆಯಿಡಬೇಕು? ಹಾಲು ಕುಡಿಯುವ ಮಗು ಕಠಿಣ ರೋಗದಿಂದ ನರಳುತ್ತಿರುವಾಗ ತಾಯಿಯು ಕೈಗೊಳ್ಳುವ ಉಪವಾಸವು ವ್ರತವೋ ವ್ರತಭಂಗವೋ ಎಂಬ ಪ್ರಶ್ನೆಯನ್ನು ಧರ್ಮಬಂಧುಗಳ ಮುಂದಿಡಲು ಬಯಸುತ್ತೇನೆ. ಇದು ಪುಸ್ತಕದಿಂದ ಹುಟ್ಟಿದ ಪ್ರಶ್ನೆಯಲ್ಲ. ಇದರಲ್ಲಿ ನನ್ನದೊಂದು ತಪ್ಪೂ ಸೇರಿದೆ.

ಇಳಕಲ್ಲಿನಲ್ಲಿ ಸೀರೆಯ ವ್ಯಾಪಾರದಿಂದ ಜೀವಿಸುವ ಒಂದು ಶ್ರಾವಕ ಕುಟುಂಬವಿದೆ. ಆ ಮನೆಯ ಸೊಸೆ ನನ್ನ ಹಳೆಯ ವಿದ್ಯಾರ್ಥಿನಿ. ಕೆಲವು ವರ್ಷಗಳ ಹಿಂದೆ ಭಾದ್ರಪದದ ದಶಲಕ್ಷಣ ಪರ್ವದಲ್ಲಿ, ಮಡಿಲಲ್ಲಿ ವರ್ಷ ತುಂಬಿದ ಕೂಸಿದ್ದರೂ ಆಕೆ ಉಪವಾಸಗಳನ್ನು ಬಿಡದೆ ನಡೆಸಿದಳು. ಬಾಗಲಕೋಟೆಯಲ್ಲಿ ನೆರೆದ ಸಭೆಯಲ್ಲಿ ನಾನೇ ಎದ್ದು ನಿಂತು ಆಕೆಯನ್ನು ಹೊಗಳಿದೆ. ಸಭೆಯೂ ಜಯಕಾರ ಮಾಡಿತು. ಕಾರ್ತಿಕ ಬರುವಷ್ಟರಲ್ಲಿ ಮಗುವಿನ ಮೈ ಬಿಳಿಚಿಕೊಂಡಿತು. ಜ್ವರ ಬಿಡಲಿಲ್ಲ, ಕಾಲುಗಳ ಮೇಲೆ ಪೆಟ್ಟಿಲ್ಲದೆಯೇ ನೀಲಿ ಕಲೆಗಳೆದ್ದವು. ಬಾಗಲಕೋಟೆಯ ರಕ್ತಪರೀಕ್ಷೆಯಲ್ಲಿ ಸಂಶಯ, ಬೆಂಗಳೂರಿನ ಮಜ್ಜೆಯ ಪರೀಕ್ಷೆಯಲ್ಲಿ ನಿಶ್ಚಯ: ರಕ್ತದ ಕ್ಯಾನ್ಸರ್. 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕೇಂದ್ರವೆನಿಸಿದ ಕಿದ್ವಾಯಿ ಸಂಸ್ಥೆಯ ಹೆಸರನ್ನು ನಮ್ಮ ಕಡೆಯ ಹಳ್ಳಿಗರೂ ಬಲ್ಲರು. ಆ ಹೆಸರನ್ನು ಕೇಳಿದೊಡನೆ ಎದೆ ಕುಸಿಯುವುದನ್ನೂ ಬಲ್ಲರು.

ಮನೆಯ ಹಿರಿಯರೊಬ್ಬರು ಅಷ್ಟಾಹ್ನಿಕದ ಎಂಟು ದಿನವೂ ಉಪವಾಸ ಹಿಡಿದರೆ ಕೂಸು ಉಳಿದೀತೆಂದರು. ಆಕೆ ಹಿಡಿದಳು. ಇತ್ತ ಔಷಧದ ಉಗ್ರತೆಗೆ ಮಗುವಿನ ಬಾಯಿ ಹುಣ್ಣಾಗಿ ಅದು ಅನ್ನವನ್ನು ಉಗುಳತೊಡಗಿತು. ಎದೆಹಾಲನ್ನು ಮಾತ್ರ ಬೇಡುತ್ತಿತ್ತು. ಹಾಲು ಬತ್ತುತ್ತಿತ್ತು. ಐದನೆಯ ದಿನ ದೂರವಾಣಿಯಲ್ಲಿ ಆಕೆ ಕೇಳಿದ ಮಾತು ಇಷ್ಟೇ: “ಮಾಸ್ತರ, ನನ್ನ ಉಪವಾಸದಾಗ ಏನರ ಕಡಿಮಿ ಆತೇನ್ರಿ?” ನನಗೆ ಥಟ್ಟನೆ ಉತ್ತರ ತೋಚಲಿಲ್ಲ. ಅಂದು ಸಂಜೆ ತತ್ತ್ವಾರ್ಥಸೂತ್ರವನ್ನು ತೆರೆದು ಕುಳಿತೆ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಸೂತ್ರಕಾರರು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯದು, ನಮ್ಮನ್ನೇ ನಂಬಿದ ಜೀವಿಯ ಅನ್ನ ನೀರನ್ನು ತಡೆಯುವುದು. ಕೊಟ್ಟಿಗೆಯ ಎತ್ತಿಗೆ ಹೊತ್ತಿಗೆ ಸರಿಯಾಗಿ ಮೇವು ಹಾಕದಿರುವುದೂ ಅತಿಚಾರವೆಂದು ನಾನೇ ಮಕ್ಕಳಿಗೆ ಕಲಿಸಿದ್ದೆ. ತಾಯಿಯ ಎದೆಯನ್ನಲ್ಲದೆ ಬೇರೇನನ್ನೂ ಒಲ್ಲದ ಕೂಸಿನ ಹಾಲು ಬತ್ತುವುದು ಅನ್ನಪಾನನಿರೋಧವಲ್ಲವೆ? ಉತ್ತರಗುಣದ ಉಪವಾಸಕ್ಕಾಗಿ ಮೊದಲನೆಯ ಅಣುವ್ರತಕ್ಕೆ ಅತಿಚಾರ ತಟ್ಟಿದರೆ ಉಳಿದದ್ದೇನು? ತಪಸ್ಸೂ ತ್ಯಾಗವೂ ಶಕ್ತಿಗೆ ತಕ್ಕಂತೆ ಇರಬೇಕೆಂದು ಷೋಡಶ ಭಾವನೆಗಳಲ್ಲಿಯೇ ಹೇಳಿದೆ. ತಾಯಿಯ ಶಕ್ತಿಯಲ್ಲಿ ಕೂಸಿನ ಪಾಲೂ ಇದೆಯೆಂಬುದನ್ನು ನಾನು ಆ ಸಭೆಯಲ್ಲಿ ಮರೆತಿದ್ದೆ.

ಎರಡನೆಯ ಮಾತು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳು ಕಳೆದವನೇ ವ್ರತಿ. “ನಾನು ಇಷ್ಟು ಉಪವಾಸ ಮಾಡುತ್ತೇನೆ, ನನಗೆ ಇಷ್ಟು ಫಲ ಬರಲಿ” ಎಂಬುದು ನಿದಾನ. ವೀತರಾಗನಾದ ಜಿನನು ಕೊಡುವವನೂ ಅಲ್ಲ, ಕಸಿಯುವವನೂ ಅಲ್ಲ. ಅವನೊಡನೆ ವ್ಯಾಪಾರ ಸಾಗದು. ದುಃಖದಲ್ಲಿ ಬೆಂದ ತಾಯಿಯನ್ನು ನಿದಾನ ಮಾಡಿದಳೆಂದು ದೂರುವುದು ನನ್ನ ಉದ್ದೇಶವಲ್ಲ. ಆಕೆಗೆ ಆ ದಾರಿಯನ್ನು ತೋರಿದ ನಾವು ಉತ್ತರ ಕೊಡಬೇಕು.

ಇಲ್ಲೊಂದು ಆಕ್ಷೇಪವುಂಟು. ರೋಗವು ಅಸಾತಾವೇದನೀಯ ಕರ್ಮದ ಉದಯ, ಹಾಗಿರುವಾಗ ಔಷಧವೇಕೆ? ಕರ್ಮವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತದಿಂದಲೇ ಫಲ ಕೊಡುತ್ತದೆ. ಔಷಧವೂ ಒಂದು ನಿಮಿತ್ತ. ಔಷಧ ವ್ಯರ್ಥವಾಗಿದ್ದರೆ ಆಹಾರ, ಅಭಯ, ಶಾಸ್ತ್ರದಾನಗಳ ಜೊತೆಗೆ ಔಷಧದಾನವನ್ನು ಆಚಾರ್ಯರು ಏಕೆ ಎಣಿಸಿದರು? ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಏಕೆ ಬರೆದರು? ಇನ್ನು “ಯಾವ ಪಾಪದ ಫಲವೋ” ಎಂದು ತಾಯಿಯ ಮುಖ ನೋಡಿ ಆಡುವವರು ಒಂದನ್ನು ನೆನೆಯಬೇಕು. ಯಾವ ಜೀವದ ಯಾವ ಕರ್ಮವೆಂದು ಹೇಳಬಲ್ಲವನು ಕೇವಲಜ್ಞಾನಿಯೊಬ್ಬನೇ. ಪರರಿಗೆ ದುಃಖಶೋಕಗಳನ್ನುಂಟುಮಾಡುವುದು ಮಾತ್ರ ಅಸಾತಾಕರ್ಮದ ಆಸ್ರವವೆಂದು ಸೂತ್ರವು ಸ್ಪಷ್ಟವಾಗಿ ಹೇಳುತ್ತದೆ. ಹಾಗೆ ಆಡಿದವನು ತನ್ನ ಗಂಟಿಗೇ ಪಾಪವನ್ನು ಕಟ್ಟಿಕೊಳ್ಳುತ್ತಾನೆ.

ಸಮಂತಭದ್ರಾಚಾರ್ಯರ ಕಥೆ ನಮಗೆಲ್ಲ ತಿಳಿದದ್ದೇ. ಭಸ್ಮಕವ್ಯಾಧಿ ಅಡರಿದಾಗ ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಒಪ್ಪಲಿಲ್ಲ, ಮುನಿವೇಷವನ್ನು ಸದ್ಯಕ್ಕೆ ಇಳಿಸಿ, ರೋಗವನ್ನು ಕಳೆದುಕೊಂಡು, ಮತ್ತೆ ದೀಕ್ಷೆ ಪಡೆಯಲು ಹೇಳಿದರು. ಮಹಾವ್ರತಿಗೇ ಹೀಗೆ ಅಪ್ಪಣೆಯಾಯಿತು. ಆ ಆಚಾರ್ಯರೇ ಮುಂದೆ ರತ್ನಕರಂಡಕ ಶ್ರಾವಕಾಚಾರದಲ್ಲಿ, ಪ್ರತೀಕಾರವಿಲ್ಲದ ಆಪತ್ತಿನಲ್ಲಿ ಮಾತ್ರ ಸಲ್ಲೇಖನವೆಂದು ವಿಧಿಸಿದರು. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಜಕ್ಕವೆಯೆಂಬ ಶ್ರಾವಿಕೆಯ ಸಮಾಧಿಮರಣವನ್ನು ಹೇಳುವ ಹನ್ನೆರಡನೆಯ ಶತಮಾನದ ಶಾಸನವಿದೆ. ಅಂಥ ಉಪವಾಸಕ್ಕೆ ಕೈಮುಗಿಯೋಣ. ಆದರೆ ಅದು ಬಾಳು ಮಾಗಿದವರ ಕೊನೆಯ ವ್ರತ; ಪ್ರತೀಕಾರವುಳ್ಳ ರೋಗದಲ್ಲಿ ಬಿದ್ದ ಕೂಸಿನ ತೊಟ್ಟಿಲ ಬಳಿಗೆ ಅದನ್ನು ತರಬಾರದು.

ಪ್ರತೀಕಾರವಿದೆಯೆ? ಇದೆ. ಆ ಔಷಧದ ಚರಿತ್ರೆಯು ಉಪವಾಸದ ಪತ್ರಿಕೆಯನ್ನೋದುವವರಿಗೆ ಬೆರಗನ್ನುಂಟುಮಾಡುವಂಥದು. 1928ರಲ್ಲಿ ಭಾರತಕ್ಕೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬಯಿಯ ಗಿರಣಿಗಳ ಬಸುರಿ ಹೆಂಗಸರಲ್ಲಿ ರಕ್ತಹೀನತೆಯನ್ನು ಕಂಡು, ಅದು ಆಹಾರದ ಕೊರತೆಯಿಂದ ಬಂದುದೆಂದು ತೋರಿಸಿದಳು. ಸೊಪ್ಪುಗಳಲ್ಲಿಯೂ ಇರುವ ಆ ಸತ್ತ್ವಕ್ಕೆ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಭೀಮಾವರದಲ್ಲಿ ಹುಟ್ಟಿ ಅಮೆರಿಕೆಯಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಪ್ರಯೋಗಾಲಯದಲ್ಲಿ ಆ ಸತ್ತ್ವವನ್ನು ತಡೆಯುವ ಔಷಧ ಸಿದ್ಧವಾಯಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟು, 10 ಮಕ್ಕಳು ಕೆಲಕಾಲ ಚೇತರಿಸಿಕೊಂಡರೆಂದು 1948ರಲ್ಲಿ ಪ್ರಕಟಿಸಿದರು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಅಂದರೆ, ವೈದ್ಯರು ರೋಗದ ಕಣಕ್ಕೆ ಉಪವಾಸ ಹಾಕುತ್ತಾರೆ. ಮಗುವಿಗೆ ಹಾಕುವುದಿಲ್ಲ. ಉಪವಾಸದಿಂದ ಕ್ಯಾನ್ಸರು ಸಾಯುತ್ತದೆಂದು ಮಗುವಿನ ಅನ್ನವನ್ನು ಕಡಿಮೆ ಮಾಡಿಸುವವರ ಮಾತಿಗೆ ಯಾರೂ ಕಿವಿಗೊಡಬಾರದು. ಸೊರಗಿದ ಮಗು ಔಷಧವನ್ನು ತಾಳಲಾರದು.

ಹಾಗಾದರೆ ಆ ತಾಯಿಗೆ ವ್ರತವೇ ಇಲ್ಲವೆ? ಇದೆ, ಎಂಟು ದಿನದ್ದಲ್ಲ, ಎರಡೂವರೆ ವರ್ಷದ್ದು. ಮೊದಲ ತಿಂಗಳಲ್ಲಿಯೇ ರಕ್ತದಲ್ಲಿ ರೋಗ ಕಾಣದಂತಾಗಬಹುದು. ಮಗು ನಗುತ್ತದೆ, ಓಡಾಡುತ್ತದೆ. ಆದರೂ ದಿನದಿನದ ಗುಳಿಗೆ, ವಾರವಾರದ ಔಷಧ, ಬೆನ್ನಿನ ಸೂಜಿ, ರಾತ್ರಿಯ ಬಸ್ಸಿನ ಪ್ರಯಾಣ ಇವು ತಪ್ಪವು. ಇಲ್ಲಿಯೇ ಅನೇಕರು ಜಾರುತ್ತಾರೆ. ಸಿರಿವಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣ ಹೊಂದಿದರೆ, ಅನೇಕ ಬಡ ದೇಶಗಳಲ್ಲಿ 30 ಮಂದಿಯೂ ಗುಣ ಹೊಂದುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಿಕಿತ್ಸೆಯನ್ನು ನಡುವೆ ಬಿಡುವುದು ಅದರ ಕಾರಣಗಳಲ್ಲೊಂದು. ಅವಧಿ ತುಂಬದೆ ಉದ್ಯಾಪನೆ ಮಾಡಿದರೆ ವ್ರತವು ಪೂರ್ಣವಾಗದೆಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಮರುದಿನ ನಾನು ಆಕೆಗೆ ಹೇಳಿದ್ದೂ ಇದನ್ನೇ: “ಪಾರಣೆ ಮಾಡು ತಾಯಿ. ಔಷಧದ ಪಟ್ಟಿಯೇ ನಿನ್ನ ವ್ರತವಿಧಾನ. ಸಭೆಯಲ್ಲಿ ನಾನು ಆಡಿದ್ದು ತಪ್ಪು.” ಆಕೆ ಪಾರಣೆ ಮಾಡಿದಳು. ಮನೆಯಲ್ಲಿ ಹುಟ್ಟಿನಿಂದ ಕಲಿತ ಶಿಸ್ತು, ನೀರನ್ನು ಸೋಸಿ ಕಾಯಿಸುವುದು, ಆಗಲೇ ಬೇಯಿಸಿದ್ದನ್ನು ಉಣಿಸುವುದು, ಕೈ ತೊಳೆಯದೆ ಮುಟ್ಟದಿರುವುದು, ಸೋಂಕಿಗೆ ಅಂಜಬೇಕಾದ ಆ ಮಗುವಿಗೆ ಕವಚವಾಯಿತು. ಬೆನ್ನಿನ ಸೂಜಿಗೆ ಮತ್ತು ಬರಿಸುವ ದಿನಗಳಲ್ಲಿ ಮಗುವಿನ ಹೊಟ್ಟೆ ಖಾಲಿಯಿರಬೇಕು. ಹಾಲಿದ್ದೂ ಕೊಡದೆ, ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಆಕೆ ಗಂಟೆಗಟ್ಟಲೆ ನಡೆದಾಡುತ್ತಿದ್ದಳು. ಇದು ಅನ್ನಪಾನನಿರೋಧವಾಗದೆ? ಆಗದು. ಕರುಣೆಯಿಂದ ಮುನಿಯ ಹುಣ್ಣನ್ನು ಸೀಳುವ ವೈದ್ಯನು ನೋವು ಕೊಟ್ಟರೂ ಅವನಿಗೆ ಪಾಪಬಂಧವಿಲ್ಲವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಿಳಿಸಿದ್ದಾರೆ. ಭಾವವೇ ಪ್ರಮಾಣ.

ಇದು ವೈಯಾವೃತ್ಯವಲ್ಲ, ಪುತ್ರಮೋಹ ಎಂದು ಪಂಡಿತರು ಆಕ್ಷೇಪಿಸಬಹುದು. ವೈಯಾವೃತ್ಯವು ಮುಖ್ಯಾರ್ಥದಲ್ಲಿ ಸಂಯಮಿಗಳ ಸೇವೆಯೆಂಬುದು ನಿಜ. ತಾಯಿಯಲ್ಲಿ ಮೋಹವಿದೆಯೆಂಬುದೂ ನಿಜ. ಆದರೆ ತನ್ನ ಕೂಸು ಮಲಗಿದ ಮೇಲೆ ಪಕ್ಕದ ಹಾಸಿಗೆಯ, ಬೇರೆ ಜಾತಿಯ, ಬೇರೆ ಭಾಷೆಯ ಮಗುವಿಗೂ ಆಕೆ ಗಂಜಿ ಕಾಯಿಸಿ ಕುಡಿಸಿದಳು. ಸರ್ವಜೀವಿಗಳಲ್ಲಿ ಅನುಕಂಪೆಯು ಮೋಹದ ಬಾಗಿಲಿನಿಂದಲೇ ಒಳಬಂದರೆ ಅದನ್ನು ಹೊರಗಟ್ಟಬೇಕೆ? ಆ ಪಕ್ಕದ ಮಗು ಉಳಿಯಲಿಲ್ಲ. ಅದರ ತಾಯಿಯ ಸೇವೆಯಲ್ಲಿಯೂ ಕೊರತೆಯಿರಲಿಲ್ಲ. ಆದ್ದರಿಂದ ಇಳಕಲ್ಲಿನ ಮಗು ಉಳಿದದ್ದನ್ನು ವ್ರತದ ಫಲವೆಂದು ನಾನು ಬರೆಯಲಾರೆ. ಬರೆದರೆ ಮತ್ತೆ ಆ ವ್ಯಾಪಾರದ ಮಾತೇ ಆದೀತು.

ಚಿಕಿತ್ಸೆ ಮುಗಿದಿದೆ, ತಪಾಸಣೆಗಳು ಇನ್ನೂ ಕೆಲವು ವರ್ಷ ನಡೆಯುತ್ತವೆ. ಮಗು ಈಗ ಅಂಗನವಾಡಿಗೆ ಹೋಗುತ್ತದೆ. ಮನೆಯವರು ಉದ್ಯಾಪನೆಗೆಂದು ತೆಗೆದಿಟ್ಟ ಹಣವನ್ನು ಹುನಗುಂದದ ಕಡೆಯ ಇನ್ನೊಂದು ರೋಗಿ ಮಗುವಿನ ಬಸ್ಸಿನ ಖರ್ಚಿಗೂ ಔಷಧಕ್ಕೂ ಕೊಟ್ಟರು.

ಧರ್ಮಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೇ. ಹಾಲೂಡುವ ತಾಯಿಗೆ ಉಪವಾಸದ ಪ್ರತಿಜ್ಞೆ ಕೊಡುವ ಮುನ್ನ ಮಡಿಲನ್ನು ನೋಡಿರಿ. ಮಗುವಿಗೆ ಕಾರಣವಿಲ್ಲದೆ ಜ್ವರ, ಬಿಳಿಚು, ನೀಲಿ ಕಲೆ ಕಂಡರೆ ಹರಕೆಗೆ ಮೊದಲು ವೈದ್ಯರ ಬಳಿಗೆ ಕಳುಹಿಸಿರಿ. ಉಪವಾಸ ಮಾಡಲೇಬೇಕೆಂಬ ಗಟ್ಟಿಮುಟ್ಟಾದ ನಾವು ಮಾಡೋಣ. ಉಳಿದ ಹಣವನ್ನು ಔಷಧದಾನಕ್ಕೆ ಕೊಡೋಣ. ಪಾರಣೆಯಾಗಿ ಮೈ ಸುಧಾರಿಸಿದ ಮೇಲೆ ರಕ್ತದಾನವನ್ನೂ ಮಾಡೋಣ. ಸಭೆಯಲ್ಲಿ ಜಯಕಾರ ಮಾಡುವಾಗ, ಆಸ್ಪತ್ರೆಯ ಪಡಸಾಲೆಯಲ್ಲಿ ಹೊತ್ತಿಗೆ ಸರಿಯಾಗಿ ಗುಳಿಗೆ ಅರೆದು ಕುಡಿಸುವ ತಾಯಿಯ ಹೆಸರನ್ನೂ ಸೇರಿಸೋಣ.

ಸರ್ವ ಜೀವಿಗಳಿಗೂ ಕ್ಷೇಮವಾಗಲಿ.