ಮೊದಲು ನೀರು ನೋಡಿ

*ದಿನಕ್ಕೊಂದು ಧಮ್ಮ ಚಿಂತನೆ*



ಹವಳ ಎಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಉಂಗುರ. ಮಂಗಳ ದೋಷ ಕಳೆಯಲೆಂದು ಜ್ಯೋತಿಷಿ ತೊಡಿಸುವ ಕೆಂಪು ಕಲ್ಲು. ನಿಜವಾಗಿ ಅದು ಕಲ್ಲಲ್ಲ, ಒಂದು ಪ್ರಾಣಿಯ ಅಸ್ಥಿ. ಸಮುದ್ರದಲ್ಲಿ ಬಂಡೆ ಕಟ್ಟುವ ಹವಳಗಳು ಅದೇ ಬಳಗದವು. ಪಾಲಿಪ್ ಎಂಬ ಸಾವಿರಾರು ಪುಟ್ಟ ಜೀವಿಗಳು ಒಟ್ಟಿಗೆ ಬಾಳಿ ಸುಣ್ಣದ ಮನೆ ಕಟ್ಟುತ್ತವೆ. ಅವುಗಳ ಮಾಂಸದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಪಾಚಿ ಬೆಳಕಿನಿಂದ ಅನ್ನ ಮಾಡಿ ಹವಳಕ್ಕೆ ಕೊಡುತ್ತದೆ, ಹವಳ ಪಾಚಿಗೆ ನೆಲೆ ಕೊಡುತ್ತದೆ. ಒಂದಕ್ಕೊಂದು ಆಸರೆ.

ನಮ್ಮ ದೇಶದಲ್ಲಿ ಇಂಥ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳವನ್ನು ಯಾರೂ ಕಿತ್ತು ತರುವಂತಿಲ್ಲ. ಅಮೆರಿಕ, ಯುರೋಪಿನ ದೇಶಗಳಲ್ಲಿ ಮಾತ್ರ ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ಮಾಡಿ ಹವಳ ಸಾಕುವವರು ಬಹಳ ಮಂದಿ. ಅಲ್ಲಿ ಒಂದು ಹವಳ ಕಾಯಿಲೆ ಬಿದ್ದರೆ ಬಲ್ಲವರು ಏನು ಮಾಡುತ್ತಾರೆ ಎಂಬುದರಲ್ಲಿ ನಮಗೊಂದು ಪಾಠವಿದೆ.

ಮೊದಲು ಅವರು ನೋಡುತ್ತಾರೆ. ಹವಳ ಬಿಳಿಚಿಕೊಂಡಿದೆ ಎಂದ ಮಾತ್ರಕ್ಕೆ ಸತ್ತಿದೆ ಎಂದಲ್ಲ. ನೀರು ಬಿಸಿಯಾದಾಗ ಒಳಗಿನ ಪಾಚಿ ಹೊರಟುಹೋಗುತ್ತದೆ, ತೆಳು ಮಾಂಸದ ಮೂಲಕ ಬಿಳಿ ಅಸ್ಥಿ ಕಾಣುತ್ತದೆ. ಜೀವ ಇನ್ನೂ ಇದೆ. ತಂಪು ಮರಳಿದರೆ ಪಾಚಿಯೂ ಮರಳಬಹುದು. ಬುಡದಿಂದ ಮಾಂಸವೇ ಸುಲಿದು ಬರುತ್ತಿದ್ದರೆ ಅದು ಬೇರೆ ಕಾಯಿಲೆ, ಹೆಚ್ಚು ಅಪಾಯದ್ದು. ಎರಡೂ ದೂರದಿಂದ ಬಿಳಿಯೇ. ಹತ್ತಿರ ಹೋಗಿ ನೋಡಿದವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಆಮೇಲೆ ಅವರು ಔಷಧಿ ಹುಡುಕುವ ಮೊದಲು ನೀರು ಪರೀಕ್ಷಿಸುತ್ತಾರೆ. ಉಷ್ಣತೆ 25–26 ಡಿಗ್ರಿ ಇದೆಯೇ? ಉಪ್ಪಿನಂಶ ಸಾವಿರಕ್ಕೆ 35ರ ಆಸುಪಾಸು ಇದೆಯೇ? ಕ್ಷಾರತೆ, ಕ್ಯಾಲ್ಸಿಯಂ ಏರುಪೇರಾಗಿವೆಯೇ? ಬೆಳಕು ಅತಿಯಾಯಿತೇ? ಹವಳ ಇದ್ದ ಜಾಗದಿಂದ ಏಳಲಾರದು. ಅದರ ಪಾಲಿಗೆ ನೀರೇ ಲೋಕ. ಸುಲಿಯುತ್ತಿರುವ ಹವಳವಾದರೆ ಇನ್ನೂ ಆರೋಗ್ಯವಾಗಿರುವ ಒಂದು ಕವಲನ್ನು ಕತ್ತರಿಸಿ ಬೇರೆ ಕಡೆ ಅಂಟಿಸಿ ಉಳಿಸಿಕೊಳ್ಳುತ್ತಾರೆ. ಆದರೆ ಕೆಟ್ಟ ನೀರಿಗೇ ಮತ್ತೆ ಇಟ್ಟರೆ ಆ ಕವಲೂ ಸಾಯುತ್ತದೆ.

ನೀರನ್ನು ಸರಿಪಡಿಸುವುದೂ ನಿಧಾನವಾಗಿಯೇ. ಕ್ಷಾರತೆ ಕುಸಿದಿದೆ ಎಂದು ಗಾಬರಿಯಿಂದ ಒಂದೇ ಸಲಕ್ಕೆ ಏರಿಸಿದರೆ ಆ ಏರಿಕೆಯೇ ಹವಳವನ್ನು ಕೊಲ್ಲಬಹುದು. ದಿನಕ್ಕಿಷ್ಟು, ವಾರಕ್ಕಿಷ್ಟು ಎಂದು ಅಳೆದು, ಬರೆದಿಟ್ಟು, ತಿಂಗಳುಗಟ್ಟಲೆ ಕಾಯಬೇಕು.

ಬಂಧುಗಳೇ, ಈ ದಾರಿ ನಮಗೆ ಹೊಸದಲ್ಲ. ಭಗವಾನರು ಒಮ್ಮೆ ಆನಂದರೊಡನೆ ಭಿಕ್ಖುಗಳ ವಸತಿ ನೋಡುತ್ತ ಬಂದಾಗ, ಅತಿಸಾರದಿಂದ ನರಳುತ್ತಿದ್ದ ಭಿಕ್ಖುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಯಾವ ಜನ್ಮದ ಪಾಪ ಎಂದು ಭಗವಾನರು ಕೇಳಲಿಲ್ಲ. ಏನು ಕಾಯಿಲೆ, ನೋಡಿಕೊಳ್ಳಲು ಯಾರೂ ಇಲ್ಲವೇ, ಯಾಕಿಲ್ಲ ಎಂದು ಕೇಳಿದರು. ಆನಂದರು ನೀರು ತಂದರು. ಭಗವಾನರು ನೀರು ಹೊಯ್ದರು, ಆನಂದರು ಮೈ ತೊಳೆದರು. ಇಬ್ಬರೂ ಸೇರಿ ಎತ್ತಿ ಹಾಸಿಗೆಯ ಮೇಲೆ ಮಲಗಿಸಿದರು.

1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಪೂರ್ವಜನ್ಮದ ಕರ್ಮದ ಮಾತನ್ನು ಏಕೆ ತಿರಸ್ಕರಿಸಿದರು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಬಡವರ ಸ್ಥಿತಿಗೆ ಹಿಂದಿನ ಜನ್ಮವೇ ಕಾರಣ ಎಂದುಬಿಟ್ಟರೆ ಸಮಾಜವೂ ಸರ್ಕಾರವೂ ತಮ್ಮ ಹೊಣೆಯಿಂದ ಜಾರಿಕೊಳ್ಳುತ್ತವೆ. ಹಣೆಬರಹ ಎನ್ನುವುದು ನೀರು ಪರೀಕ್ಷಿಸಲು ಒಲ್ಲದವರ ಮಾತು.

ಶಾಲೆಯಲ್ಲಿ ಈ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. "ಆ ಹುಡುಗಿ ತಲೆಗೆ ಓದು ಹತ್ತಲ್ಲ ಬಿಡಿ." ಬೆಳಿಗ್ಗೆ ಏನಾದರೂ ತಿಂದು ಬಂದಳೇ? ಮನೆಯಲ್ಲಿ ಓದಲು ದೀಪವಿದೆಯೇ? ತರಗತಿಯಲ್ಲಿ ಅವಳನ್ನು ಎಲ್ಲಿ ಕೂರಿಸಿದ್ದಾರೆ? ಪಕ್ಕದವರು ಅವಳನ್ನು ಏನೆಂದು ಕರೆಯುತ್ತಾರೆ? ಇದನ್ನೆಲ್ಲ ಕೇಳದೆ ಹೇಳುವ ತೀರ್ಪು ದೂರದಿಂದ ನೋಡಿದ ತೀರ್ಪು. ಬಿಳಿಚಿದ ಮಗುವಿನೊಳಗೆ ಜೀವ ಇದೆ. ಇನ್ನೊಂದು ಮಾತು: ಏಪ್ರಿಲ್ 14ಕ್ಕೆ ನೋಟ್‌ಬುಕ್ ಹಂಚಿ, ಫೋಟೊ ತೆಗೆಸಿ, ಮಾರನೆಯ ದಿನ ಮರೆತರೆ ನೀರು ಬದಲಾಗುವುದಿಲ್ಲ. ದಿನಾ ಸಂಜೆ ಅರ್ಧ ಗಂಟೆ ವಿಹಾರದಲ್ಲಿ ಕೂರಿಸಿ ಓದಿಸಿದರೆ ಬದಲಾಗುತ್ತದೆ.

ಹವಳಕ್ಕೂ ನಮಗೂ ಒಂದು ವ್ಯತ್ಯಾಸವಿದೆ. ಹವಳ ತನ್ನ ನೀರನ್ನು ತಾನೇ ಬದಲಿಸಲಾರದು, ಸಾಕಿದವನ ಕೈ ಕಾಯಬೇಕು. 1927ರ ಮಾರ್ಚ್ 20ರಂದು ಮಹಾಡದಲ್ಲಿ ನಮ್ಮ ಹಿರಿಯರು ಯಾರ ಕೈಯನ್ನೂ ಕಾಯಲಿಲ್ಲ. ಬಾಬಾಸಾಹೇಬರ ಜೊತೆ ನಡೆದು ಹೋಗಿ ಚವದಾರ್ ಕೆರೆಯ ನೀರನ್ನು ತಾವೇ ಬೊಗಸೆಯಲ್ಲಿ ಎತ್ತಿ ಕುಡಿದರು. ಪರಿಸ್ಥಿತಿಯಿಂದ ಬಂದ ದುಃಖ ಪರಿಸ್ಥಿತಿ ಬದಲಾದರೆ ಹೋಗುತ್ತದೆ, ಮತ್ತು ಅದನ್ನು ಬದಲಿಸುವ ಕೈ ನಮ್ಮದೂ ಆಗಬಹುದು. ಹೇತು-ಫಲ ಅರಿತವರಿಗೆ ಇರುವ ಧೈರ್ಯ ಇದು.

*ಇಂದಿನ ಅಭ್ಯಾಸ:* ನಿಮ್ಮ ಮನೆಯಲ್ಲಿ, ಕೇರಿಯಲ್ಲಿ, ಕೆಲಸದ ಜಾಗದಲ್ಲಿ ಬಾಡಿರುವ ಒಬ್ಬರನ್ನು ನೆನೆಯಿರಿ. ಅವರಲ್ಲಿ ಏನು ಕೊರತೆ ಎಂದು ಕೇಳುವ ಮೊದಲು ಅವರ ಸುತ್ತಲ ನೀರು ಹೇಗಿದೆ ಎಂದು ಕೇಳಿ. ಹತ್ತಿರ ಹೋಗಿ ಮಾತನಾಡಿಸಿ. ಒಂದೇ ಒಂದನ್ನು ಇಂದು ಸರಿಪಡಿಸಿ, ನಾಳೆಯೂ ಹೋಗಿ ನೋಡಿ.

ಸಕಲ ಜೀವಿಗಳಿಗೂ ಒಳಿತಾಗಲಿ.
ಜೈ ಭೀಮ್, ನಮೋ ಬುದ್ಧಾಯ.